ಸರಳಿಗೆ ಕಟ್ಟಿದ ನೀಲಿ ಬಟ್ಟೆ

ಥ್ಯಾಂಕ್ಸ್ ಹೇಳುವುದಕ್ಕೂ ಬಾಯಿ ಬಾರದ ತಾನು ಪೊಲೀಸ್ ಕೆಲಸಕ್ಕೆ ಯಾಕಾದರೂ ಸೇರಿದೆನೋ ಎಂದು ಹೊಸ ಪೇದೆ ತನ್ನನ್ನೇ ಕೇಳಿಕೊಂಡಳು. ಹಿಂದಿನ ದಿನ ಮುಂಜಾನೆ, ಹೆರಿಗೆ ನೋವಿನಲ್ಲಿದ್ದ ಅವಳ ಅಕ್ಕನನ್ನು ಬಂಡೆಗಳ ಗುಡ್ಡದಿಂದ ಟ್ರಕ್ಕಿನಲ್ಲಿ ಇಳಿಸಿ ತಂದ ಡ್ರೈವರಣ್ಣನ ಎದುರು ಬೆರಳು ಹಿಸುಕುತ್ತ ನಿಂತಿದ್ದಳಷ್ಟೆ. ತಾಯಿ, ಮಗು ಇಬ್ಬರೂ ಕ್ಷೇಮ.

ಬೆಳಿಗ್ಗೆ ಹತ್ತಕ್ಕೆ ಒಬ್ಬ ಟ್ರಕ್ ಮಾಲೀಕ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಠಾಣೆಗೆ ಬಂದ. ನಿನ್ನೆ ಡಾಂಬರು ರಸ್ತೆಯ ತಿರುವಿನಲ್ಲಿ ಅವನೇ ಓಡಿಸುತ್ತಿದ್ದ ಗಾಡಿ ಮಗುಚಿತ್ತು. ಯಾರೋ ಬೇಕೆಂದೇ ಏನೋ ಬಿಚ್ಚಿದ್ದಾರೆ, ಇದು ಕೊಲೆ ಯತ್ನವೇ ಎಂದು ಪಟ್ಟು ಹಿಡಿದ. ಎಫ್‌ಐಆರ್ ದಾಖಲಾಯಿತು.

ಮಗುಚಿದ ಗಾಡಿ ತಂದಿಟ್ಟಿದ್ದ ಶೆಡ್ಡಿನಲ್ಲಿ ಪಂಚನಾಮೆ. ಅಕ್ಕನನ್ನು ಇಳಿಸಿ ತಂದದ್ದು ಇದೇ ಗಾಡಿ ಎಂದು ಪೇದೆಗೆ ಗುರುತು ಹತ್ತಿತು. ಮೆಕ್ಯಾನಿಕ್ ಅಡಿಗೆ ತೂರಿದ.

"ಮುಂದಿನ ಸ್ವೇ ಬಾರ್, ಗಾಡಿ ವಾಲದಂಗೆ ಹಿಡಿಯೋ ಸರಳು, ಬಿಚ್ಚಿದೆ ಸಾರ್, ಎರಡೂ ಕಡೆ. ಬಂಡೆ ಮೇಲೆ ಒಂದೊಂದು ಚಕ್ರ ಅದರ ಪಾಡಿಗೆ ಏಳ್ಲಿ ಅಂತ ಬಿಚ್ತಾರೆ. ರಸ್ತೆಗೆ ಬಂದ್ಮೇಲೆ ಹಾಕ್ಲೇಬೇಕು. ಇಲ್ಲಾಂದ್ರೆ ಜೋರಾಗಿ ತಿರುಗಿಸಿದಾಗ ಗಾಡಿ ವಾಲ್‌ಬಿಡುತ್ತೆ."

ಸರಳನ್ನು ಮೇಲಕ್ಕೆತ್ತಿ ನೀಲಿ ಬಟ್ಟೆಯ ತುಂಡಿನಿಂದ ಕಟ್ಟಲಾಗಿತ್ತು. ಅದು ಪೇದೆಯ ಸ್ಕಾರ್ಫು. ಗುಡ್ಡದ ಮೇಲೆ ಡ್ರೈವರು ಕೇಳಿದಾಗ ಅವಳೇ ಹರಿದು ಕೊಟ್ಟಿದ್ದಳು.

ಮಧ್ಯಾಹ್ನ ಡ್ರೈವರನ್ನು ಕರೆತಂದರು.

"ಬಿಚ್ಚಿದ್ದು ನೀನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಹೌದು ಸಾರ್."

"ತಿರುಗಿ ಯಾಕೆ ಹಾಕಲಿಲ್ಲ?"

"ವಾಪಸ್ ಬಂದಾಗ ಓನರ್ ಗೇಟಲ್ಲೇ ನಿಂತಿದ್ರು. ಕೀ ಕಿತ್ಕೊಂಡು ಹೊರಟ್ಬಿಟ್ರು. ಕೇಳ್ದೆ ಗಾಡಿ ತಗೊಂಡೋಗಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ."

"ಎಲ್ಲಿಗೆ ಹೋಗಿದ್ದೆ?"

ಡ್ರೈವರು ಪೇದೆಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ. ಠಾಣೆಯ ಹುಡುಗಿಯನ್ನು ಇದಕ್ಕೆಲ್ಲ ಎಳೆಯುವುದು ಅವನಿಗೆ ಬೇಕಿರಲಿಲ್ಲ. ರಜೆ ಕೊಡದ್ದಕ್ಕೆ ಹಗೆ ಸಾಧಿಸಿದ್ದಾನೆಂದು ಮಾಲೀಕ ಗೊಣಗಿದ.

"ಹಗೆ ಸಾಧಿಸೋನು ಇಷ್ಟು ಚೆಂದಾಗಿ ಗಂಟು ಹಾಕಿಡ್ತಾನೇನ್ರೀ?" ಎಂದರು ಇನ್ಸ್‌ಪೆಕ್ಟರ್. ಆದರೂ ಕಾರಣ ಬೇಕು. ಇಲ್ಲದಿದ್ದರೆ ಕೊಲೆ ಯತ್ನದ ಕೇಸು ಹಾಗೇ ಉಳಿಯುತ್ತದೆ.

ಪೇದೆ ಬ್ಯಾಗಿನಿಂದ ಸ್ಕಾರ್ಫಿನ ಉಳಿದರ್ಧ ತೆಗೆದು, ಗಾಡಿಯಿಂದ ಬಿಚ್ಚಿ ತಂದ ತುಂಡಿನ ಪಕ್ಕ ಮೇಜಿನ ಮೇಲಿಟ್ಟಳು. ಹರಿದ ಅಂಚುಗಳು ಕೂಡಿಕೊಂಡವು. ನಡೆದದ್ದನ್ನೆಲ್ಲ ಹೇಳಿಕೆಯಾಗಿ ಬರೆದು ಸಹಿ ಹಾಕಿದಳು; ಬರೆಯಲು ಅವಳ ಕೈ ಯಾವತ್ತೂ ಹಿಂದೆಗೆದದ್ದಿಲ್ಲ. ಇನ್ಸ್‌ಪೆಕ್ಟರ್ ಓದಿ, ಕೊಲೆ ಯತ್ನ ಕೈಬಿಟ್ಟು, ನಿರ್ಲಕ್ಷ್ಯದಿಂದ ಗಾಯಪಡಿಸಿದ ಆರೋಪದ ಮೇಲೆ ಡ್ರೈವರನ್ನು ಬಂಧಿಸಿದರು. ಸಂಜೆಯೊಳಗೆ ಠಾಣೆಯಲ್ಲೇ ಜಾಮೀನು ಸಿಗಲಿತ್ತು.

"ಕೇಳಿದ್ರೆ ನಾನೇ ಗಾಡಿ ಕೊಡ್ತಿರಲಿಲ್ವಾ?" ಎಂದ ಮಾಲೀಕ.

ನೋವಿನಲ್ಲಿ ಕೂಗುತ್ತಿದ್ದವಳೊಬ್ಬಳನ್ನು ಬಿಟ್ಟು ಬರಲಾಗದೆ ಡ್ರೈವರು ಸರಳು ಬಿಚ್ಚಿದ. ಮಾಲೀಕನ ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿದ. ಆ ಹೆದರಿಕೆ ಎಂಥದ್ದೆಂದು ಪೇದೆಗೆ ಗೊತ್ತಿತ್ತು. ಬಾಗಿಲವರೆಗೆ ಹೋದವಳು ಹಿಂತಿರುಗಿ ಬಂದು ಅವನೆದುರು ನಿಂತಳು.

"ಅಣ್ಣಾ, ಅಕ್ಕಾನೂ ಮಗೂನೂ ಇಬ್ರೂ ಉಳಿದ್ರು. ನಿಮ್ಮಿಂದಾನೇ."