ಧನಪಾಲ ಸರ್ ಬಿಚ್ಚದ ಬುತ್ತಿ

ನಾನು ಡೌಟ್ ಕೇಳಿದಾಗಲೆಲ್ಲ ಧನಪಾಲ ಸರ್ ಒಮ್ಮೆ ಪಶ್ಚಿಮದ ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಹೇಳ್ರಿ ಶೇವಂತಿ ಅವ್ರ" ಎನ್ನುತ್ತಿದ್ದರು. ಮನುಷ್ಯನಿಗೆ ಬೇಜಾರಾಗಿದೆ, ತೇರದಾಳದ ಬಸ್ಸಿಗೂ ಮನೆಯಲ್ಲಿ ಕಾಯುವ ಹೆಂಡತಿಗೂ ಹೊತ್ತಾಯಿತು ಎಂದೇ ನಾನು ತಿಳಿದಿದ್ದೆ. ತಿಳಿದೂ ಬಿಡುತ್ತಿರಲಿಲ್ಲ. ನನಗೇನು ಇಂಗ್ಲಿಷಿನ ಹುಚ್ಚೇ? ಮಣ್ಣಂಗಟ್ಟಿ! ಮನೆಗೆ ಹೋಗುವುದು ಬೇಡವಾಗಿತ್ತು, ಅಷ್ಟೇ.

ನಾನು ರಬಕವಿಯ ಸೀರೆ ಅಂಗಡಿಯೊಂದರ ಕೌಂಟರಿನಲ್ಲಿ ನಿಲ್ಲುವವಳು. ವಯಸ್ಸು ಮೂವತ್ತೇಳು, ಲಗ್ನವಿಲ್ಲ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಬೆಳಿಗ್ಗೆ ನಾನೇ ಹಾಕಿದ ಬೀಗವನ್ನು ಸಂಜೆ ನಾನೇ ತೆಗೆಯಬೇಕು. ಒಬ್ಬಳಿಗಾಗಿ ರೊಟ್ಟಿ ಬಡಿಯುವ ಸಪ್ಪಳ ಆ ಮನೆಯಲ್ಲಿ ಎಷ್ಟು ದೊಡ್ಡದಾಗಿ ಕೇಳುತ್ತದೆ ಗೊತ್ತೇ?

ಆನ್‌ಲೈನಿನಲ್ಲಿ ಸೀರೆ ಕೊಳ್ಳುವವರ ಜೊತೆ ಮಾತಾಡಲು ಬರಲೆಂದು ಮಾಲೀಕರು ನನ್ನನ್ನು ಈ ಕ್ಲಾಸಿಗೆ ಸೇರಿಸಿದ್ದರು. ನೂಲಿನ ಅಂಗಡಿಯ ಮಾಳಿಗೆಯ ಮೇಲೆ, ನಾಲ್ಕೂವರೆಯಿಂದ ಐದೂವರೆವರೆಗೆ, ಒಂದು ತಿಂಗಳು. ವಾರಕ್ಕೊಂದು ಕ್ರಿಯಾಪದ. ಕೊನೆಯ ವಾರಕ್ಕೆ ‘ಆಸ್ಕ್’ ಬಂತು.

"ಪ್ರಶ್ನೆ ಕೇಳೂದೂ ಆಸ್ಕ್, ಸಹಾಯ ಬೇಡೂದೂ ಆಸ್ಕ್, ಊಟಕ್ಕ ಕರಿಯೂದೂ ಆಸ್ಕ್," ಎಂದರು ಸರ್. "‘ಆಸ್ಕ್ ಟು ಮೀ’ ಅನಬ್ಯಾಡ್ರಿ. ‘ಆಸ್ಕ್ ಮೀ’ ಸಾಕು. ನಡುವ ಯಾರೂ ಬ್ಯಾಡ."

ಎಲ್ಲರೂ ಇಳಿದು ಹೋದರು. ನಾನು ಮಾತ್ರ ಉಳಿದೆ.

"ಸರ್, ಎನ್‌ಕ್ವಾಯರ್, ರಿಕ್ವೆಸ್ಟ್, ಡಿಮ್ಯಾಂಡ್, ಎಲ್ಲಾ ಇದರ ಅರ್ಥಾನ ಅಲ್ಲೇನ್ರಿ?"

ಮೊದಲು ಕಿಟಕಿ, ಆಮೇಲೆ ನಾನು. "ಅರ್ಥ ಹತ್ತರದ್ದ. ದನಿ ಬ್ಯಾರೆ. ಎನ್‌ಕ್ವಾಯರ್ ಬಸ್ ಸ್ಟ್ಯಾಂಡಿನ್ಯಾಗ, ರಿಕ್ವೆಸ್ಟ್ ಅರ್ಜಿಯೊಳಗ. ಡಿಮ್ಯಾಂಡ್ ಅಂದ್ರ ನೀವು ದಿನಾ ನನ್ನ ಹಿಂಗ ನಿಲ್ಲಿಸಿಕೊಳ್ಳೂದು." ಹೇಳಿ ಮುಖ ಕೆಳಗೆ ಮಾಡಿ ಚಾಕ್ ಒರೆಸಿಕೊಂಡರು. ನಗು ಮಾತ್ರ ಅಡಗಲಿಲ್ಲ.

"ಮತ್ತ ‘ಆಸ್ಕ್ ಆಫ್ಟರ್’?"

"ಒಬ್ರು ಹೆಂಗದಾರ, ಆರಾಮ ಅದಾರಿಲ್ಲೋ ಅಂತ ವಿಚಾರಿಸೂದು. ಒಂದು ಉದಾಹರಣೆ ಕೊಡ್ರಿ ನೋಡೂನು."

ನನ್ನನ್ನು ಹಾಗೆ ವಿಚಾರಿಸುತ್ತಿದ್ದವಳು ಅವ್ವ ಒಬ್ಬಳೇ. ಸರ್ ಒತ್ತಾಯ ಮಾಡಲಿಲ್ಲ. ಹೊರಗೆ ಹೊತ್ತು ಮುಳುಗಿತ್ತು. ಮೇಜಿನ ಮೇಲಿದ್ದ ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ಸಾವಕಾಶ ಇಳೀರಿ, ಮೆಟ್ಟಲಾ ಸರಿ ಇಲ್ಲ" ಎಂದರು.

ಶುಕ್ರವಾರ ತೇರದಾಳದ ಹೆಣ್ಣುಮಗಳೊಬ್ಬರು ಅಂಗಡಿಗೆ ಬಂದರು. ಹೆಸರು ಅಕ್ಕಮ್ಮ. "ಮಾಳಿಗಿ ಮ್ಯಾಲ ಇಂಗ್ಲಿಷ್ ಕಲಸ್ತಾನಲ್ಲ ಧನಪಾಲ, ನನ್ನ ತಮ್ಮ" ಎಂದಾಗ ನಾನು ಮಡಚುತ್ತಿದ್ದ ಸೀರೆ ಕೈಯಿಂದ ಜಾರಿತು.

"ಹದಿನೈದು ದಿನ ಆತು ನೋಡ ತಂಗಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದಂಗ ಪಲ್ಯಾ ಮಾಡಿ ಸಂಜಿ ಬುತ್ತಿ ಕಟ್ಟತೇನಿ. ಕಟ್ಟಿದ್ದು ಕಟ್ಟಿದಂಗ ವಾಪಸ್ ತರತಾನ. ನಾವು ಜೈನರು, ಹೊತ್ತು ಮುಣುಗಿದ ಮ್ಯಾಲ ಉಣ್ಣಂಗಿಲ್ಲ. ಯಾಕೋ ಅಂದ್ರ, ‘ಒಬ್ರಿಗೆ ಡೌಟ್ ಇರತಾವ ಅಕ್ಕಾ’ ಅಂತಾನ. ಹೇಂತಿ ಇದ್ದಿದ್ರ ಬಿಡತಿದ್ಲೇನು? ಲಗ್ನಾನ ಆಗಲಿಲ್ಲ ಅಂವ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವರು ಕಿಟಕಿಯಲ್ಲಿ ನೋಡುತ್ತಿದ್ದದ್ದು ಮುಳುಗುವ ಸೂರ್ಯನನ್ನು. ನಾನು ಬೀಗವನ್ನು ಅರ್ಧ ಗಂಟೆ ತಡವಾಗಿ ತೆಗೆಯಲೆಂದು ಅವರು ಹದಿನೈದು ದಿನ ಹಸಿದು ಮಲಗಿದ್ದರು.

ಅಂದು ನಾಚಿಕೆಯಿಂದ ಕ್ಲಾಸಿಗೆ ಹೋಗಲಿಲ್ಲ. ಶನಿವಾರ ಕಡೆಯ ಕ್ಲಾಸು. ಹೋಗದಿದ್ದರೆ ಅವರನ್ನು ಮತ್ತೆ ಕಾಣುವುದಿಲ್ಲ, ಆ ಬೀಗವೇ ನನಗೆ ಗಟ್ಟಿ. ಹೋದರೆ ಯಾವ ಮುಖ ತೋರಿಸಲಿ?

ಹೋದೆ. ಐದೂವರೆಗೆ ಎಲ್ಲರೂ ಎದ್ದು ಹೋದ ಮೇಲೆ ಮೇಜಿನ ಮೇಲಿದ್ದ ಬುತ್ತಿ ಡಬ್ಬಿಯನ್ನು ಅವರ ಮುಂದೆ ಸರಿಸಿದೆ.

"ಮೊದಲ ಉಣ್ರಿ."

"ಇವತ್ತ ಡೌಟ್ ಇಲ್ಲೇನ್ರಿ?" ಅವರ ದನಿ ಸಪ್ಪಗಿತ್ತು. "ನಿನ್ನೆನೂ ಬರಲಿಲ್ಲ."

"ನನಗ ಡೌಟ್ ಇರಲೇ ಇಲ್ರಿ! ಖಾಲಿ ಮನಿಗೆ ಹೋಗಾಕ ಅಂಜಿಕಿ. ಅದಕ್ಕ ನಿಮ್ಮನ್ನ ಉಪಾಸ ಕೆಡವಿದೆ. ನೀವರೆ ಯಾಕ ಹೇಳಲಿಲ್ರಿ? ಬಾಯಿ ಇರಲಿಲ್ಲೇನು?"

ಸಿಟ್ಟಿನಲ್ಲಿ ಶುರುಮಾಡಿದ್ದು ಅಳುವಿನಲ್ಲಿ ಮುಗಿಯಿತು.

ಸರ್ ಡಬ್ಬಿ ಬಿಚ್ಚಿದರು. ರೊಟ್ಟಿ ಮುರಿದು, ಅರ್ಧವನ್ನು ಮುಚ್ಚಳದಲ್ಲಿಟ್ಟು ನನ್ನ ಕಡೆ ಸರಿಸಿದರು.

"ಹೇಳಿದ್ರ ನೀವೂ ಐದೂವರಿಗೆ ಎದ್ದು ಹೋಗತಿದ್ರಿ. ಬುತ್ತಿ ಮರುದಿನಾನೂ ಸಿಗತೇತಿ. ನೀವು ಎದುರಿಗೆ ಕುಂಡ್ರೂದು ಒಂದ ತಿಂಗಳ ಇತ್ತು." ಮುಚ್ಚಳಕ್ಕೆ ಪಲ್ಯ ಹಾಕುತ್ತ ಹೇಳಿದರು, "ನನಗೂ ಮನ್ಯಾಗ ಮಾತಾಡಾಕ ಅಕ್ಕನ ಬಿಟ್ರ ಯಾರಿಲ್ರಿ."

ಕಿಟಕಿ ಕೆಂಪಾಗುತ್ತಿತ್ತು. ಇಬ್ಬರೂ ಗಡಬಡಿಸಿ ಉಂಡೆವು. ಕೈ ತೊಳೆದು ಬಂದು ಅವರು ಕೇಳಿದರು, "ನಾಳಿ ಅಕ್ಕನ್ನ ಕರಕೊಂಡು ನಿಮ್ಮನಿಗೆ ಬರಲೇನ್ರಿ?"

"ಯಾಕ್ರಿ?" ಗೊತ್ತಿದ್ದೂ ಕೇಳಿದೆ.

"ಹೆಣ್ಣ ಕೇಳಾಕ." ಅವರ ಕಿವಿಗಳೂ ಕೆಂಪಾಗಿದ್ದವು.

"ಐದರೊಳಗ ಬರ್ರಿ ಮತ್ತ" ಎಂದೆ. "ಊಟಾ ತಯಾರ ಇರತೇತಿ."

ಅಂದು ಬೀಗ ತೆಗೆದು ನೇರ ಅಡುಗೆಮನೆಗೆ ಹೋದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಬುಟ್ಟಿಯನ್ನು ಎತ್ತಿಕೊಂಡು ಬಂದು ಓಣಿಯ ತುದಿಯ ಮನೆಯ ಭಾಗವ್ವನ ಕಟ್ಟೆಯ ಮೇಲೆ ಸುರಿದೆ.

"ಏನ ಬೇ, ಇಷ್ಟೂ ನನಗ ಕೊಟ್ರ ನಾಳಿ ನಿನ್ನ ಅಡಗಿಗೆ?"

"ನಾಳಿ ನಮ್ಮನಿಗೆ ಊಟಕ್ಕ ಮಂದಿ ಬರತಾರ" ಎಂದೆ. ಎರಡು ವರ್ಷದಲ್ಲಿ ಒಮ್ಮೆಯೂ ಆಡದ ಮಾತು. ಭಾಗವ್ವನಿಗೆ ಸರಿಯಾಗಿ ಕೇಳಿಸಿತ್ತು, ಆದರೂ ಇನ್ನೊಮ್ಮೆ ಹೇಳಿದೆ.