ಅಮ್ಮನ ಪಾಲಿನ ವಿಂಡೋಸ್

“ಇದರ ಹೊಟ್ಟೆಯೇ ಬೆನ್ನಿಗಂಟಿದೆ. ಇದನ್ನೂ ಎರಡು ಪಾಲು ಮಾಡ್ತೀರಾ?” ಅಜ್ಜಿ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದಳು.

ಊಟದ ಮೇಜಿನ ಮೇಲೆ ಚಿಕ್ಕಮ್ಮನ ಹಳೆಯ ಮ್ಯಾಕ್ ಲ್ಯಾಪ್‌ಟಾಪ್ ಬಾಯಿ ತೆರೆದು ಕೂತಿತ್ತು. ಎರಡು ಬೆರಳಲ್ಲಿ ಎತ್ತಬಹುದು, ಅಷ್ಟು ಹಗುರ. ಹೊಸದು ಕೊಂಡ ಮೇಲೆ ಚಿಕ್ಕಮ್ಮ ಇದನ್ನು ಅಕ್ಕನ ಮನೆಗೆ ಕೊಟ್ಟಿದ್ದಳು. ಬಂದ ದಿನವೇ ಅದಕ್ಕೆ ಪಾಸ್‌ವರ್ಡ್ ಹಾಕಿ ತನ್ನದೆಂದು ಸಾರಿದವಳು ಪಿಟೀಲು.

ಪಿಟೀಲು ಅಂದರೆ ಆ ಅಕ್ಕನ ಮಗಳು, ಐದನೇ ಕ್ಲಾಸು. ಬೇಕಾದದ್ದು ಸಿಗುವ ತನಕ ಕುಯ್ಯುತ್ತಲೇ ಇರುತ್ತಾಳೆಂದು ಅಜ್ಜಿ ಇಟ್ಟ ಹೆಸರು.

“ಪಾಲು ಮಾಡ್ಲೇಬೇಕು ಅತ್ತೆ,” ಎಂದಳು ಚಿಕ್ಕಮ್ಮ. “ಅಕ್ಕನ ಕಸೂತಿ ಸಾಫ್ಟ್‌ವೇರ್‌ಗೆ ವಿಂಡೋಸ್ ಬಿಟ್ರೆ ಬೇರೆ ಗೊತ್ತಿಲ್ಲ. ಅದಕ್ಕೇ ಒಂದೇ ಮನೇಲಿ ಮಧ್ಯೆ ಗೋಡೆ ಎಬ್ಬಿಸ್ತೀನಿ. ಈ ಕಡೆ ಮ್ಯಾಕ್, ಆ ಕಡೆ ವಿಂಡೋಸ್. ಆನ್ ಮಾಡುವಾಗ ಆಪ್ಷನ್ ಕೀ ಒತ್ತಿ ಹಿಡಿದ್ರೆ, ಯಾವ ಮನೆಗೆ ಹೋಗ್ತೀಯ ಅಂತ ಅದೇ ಕೇಳುತ್ತೆ.”

“ಇಬ್ಬರೂ ಒಟ್ಟಿಗೆ ಇರಲ್ವಾ?”

“ಇಲ್ಲ. ಒಬ್ಬರು ಎದ್ದಿರುವಾಗ ಇನ್ನೊಬ್ಬರು ನಿದ್ದೆ.”

“ಹಾಗಿದ್ರೆ ಜಗಳವೇ ಇಲ್ಲ. ನನ್ನ ಮದುವೆಯಲ್ಲೂ ಹೀಗೆ ಮಾಡ್ಬೇಕಿತ್ತು,” ಎಂದು ಅಜ್ಜಿ ಕುರ್ಚಿಗೊರಗಿದಳು.

ಅಮ್ಮ ಕೇಳುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಅವಳ ಕಸೂತಿ ಮೆಷಿನ್ನು ಗಡಗಡ ಎನ್ನುತ್ತಿತ್ತು. ಸಮವಸ್ತ್ರದ ಅಂಗಡಿಯವರು ಶಾಲೆಯ ಬ್ಯಾಡ್ಜುಗಳನ್ನೂ ಮಕ್ಕಳ ಹೆಸರುಗಳನ್ನೂ ಅವಳಿಂದಲೇ ಹೊಲಿಸುತ್ತಿದ್ದರು. ಡಿಸೈನನ್ನು ಕಂಪ್ಯೂಟರಿನಲ್ಲಿ ಮಾಡಿ ಮೆಷಿನ್ನಿಗೆ ಕೊಡಬೇಕು. ಅವಳ ಹಳೆಯ ಕಂಪ್ಯೂಟರು ಕಳೆದ ತಿಂಗಳು ಗೊಟಕ್ ಅಂದಿತ್ತು.

ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ಮೂಡಿತು. ಎಡಕ್ಕೆ ಮ್ಯಾಕ್, ಬಲಕ್ಕೆ ವಿಂಡೋಸ್, ನಡುವೆ ಸಣ್ಣ ಚುಕ್ಕಿ. ಚಿಕ್ಕಮ್ಮ ಚುಕ್ಕಿಯನ್ನು ಸರಿಯಾಗಿ ಮಧ್ಯಕ್ಕೆ ತಂದಳು. “ಅರ್ಧ ನಿಂಗೆ, ಅರ್ಧ ನಿಮ್ಮಮ್ಮನಿಗೆ.”

ಪಕ್ಕದಲ್ಲಿ ನಿಂತಿದ್ದ ಪಿಟೀಲಿನ ಮುಖ ಸಪ್ಪಗಾಯಿತು. ಅವಳೇ ಮಾಡುತ್ತಿದ್ದ ಸಿನಿಮಾ ಈ ಲ್ಯಾಪ್‌ಟಾಪಿನಲ್ಲೇ ಇತ್ತು. ಅಮ್ಮನ ನೂಲಿನ ಉರುಳೆಗಳೇ ರಾಜ, ರಾಣಿ, ಕಳ್ಳ. ಒಂದೊಂದು ಉರುಳೆಯನ್ನೂ ಒಂದಿಷ್ಟು ಸರಿಸುವುದು, ಫೋಟೋ ಹೊಡೆಯುವುದು. ಹೀಗೆ ಎಷ್ಟು ಫೋಟೋಗಳೋ! ಜೊತೆಗೆ ಪಕ್ಕದ ಮನೆ ಬೆಕ್ಕು ಆಕಳಿಸುವ ವಿಡಿಯೋಗಳು. ಎಲ್ಲವೂ ಅರ್ಧ ಮನೆಯಲ್ಲಿ ಹಿಡಿಸುವುದುಂಟೆ?

ಆಗಲೇ ಚಿಕ್ಕಮ್ಮನ ಫೋನು ಬಡಿದುಕೊಂಡಿತು. “ಯಾರೂ ಮುಟ್ಬೇಡಿ,” ಎಂದು ಅವಳು ಬಾಲ್ಕನಿಗೆ ಓಡಿದಳು.

ಮುಟ್ಟಬೇಡ ಎಂದರೆ ಪಿಟೀಲಿಗೆ ಕೈ ತುರಿಸುವುದು ಹುಟ್ಟುಗುಣ. ಅಜ್ಜಿ ಆಗಲೇ ತೂಕಡಿಸುತ್ತಿದ್ದಳು. ಪಿಟೀಲು ಚುಕ್ಕಿಯ ಮೇಲೆ ಬಾಣ ಇಟ್ಟು ಬಲಕ್ಕೆ ತಳ್ಳಿದಳು. ಇನ್ನೂ ತಳ್ಳಿದಳು. ಇನ್ನು ಹೋಗಲಾರೆ ಎಂದು ಚುಕ್ಕಿ ತಾನಾಗಿಯೇ ನಿಲ್ಲುವವರೆಗೂ ತಳ್ಳಿದಳು. ವಿಂಡೋಸ್ ಪಾಲಿಗೆ ಒಂದು ಚೂರು ಉಳಿಯಿತು.

‘ಅಮ್ಮನಿಗೆ ಇಷ್ಟು ಸಾಕು’ ಎಂದುಕೊಂಡಳು. ಅಮ್ಮನಿಗೆ ಯಾವಾಗಲೂ ಸಾಕಾಗುತ್ತದೆ. ಮಂಚದ ಅಂಚು ಸಾಕು, ಬೀರುವಿನ ಕೆಳಗಿನ ಒಂದು ಖಾನೆ ಸಾಕು. ‘ಇನ್ಸ್ಟಾಲ್’ ಒತ್ತಿ ಪಾಸ್‌ವರ್ಡ್ ಹೊಡೆದೇಬಿಟ್ಟಳು.

“ಅರೆ, ಆಗ್ಲೇ ಶುರು ಮಾಡ್ಬಿಟ್ಯಾ? ಜಾಣೆ!” ಎಂದಳು ವಾಪಸು ಬಂದ ಚಿಕ್ಕಮ್ಮ.

ಹೊಗಳಿಕೆ ಇಷ್ಟು ಚುಚ್ಚುತ್ತದೆಂದು ಪಿಟೀಲಿಗೆ ಗೊತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಮ್ಯಾಕಿನೊಳಗೆ ವಿಂಡೋಸ್ ಎದ್ದು ಕೂತಿತು. ಅಮ್ಮ ಹೊಸ ಸೊಸೆಯ ಹಾಗೆ ಮೆಲ್ಲಗೆ ಅದರ ಮುಂದೆ ಕುಳಿತಳು.

“ಬಲಗಡೆ ಒತ್ತೋಕೆ ಬಟನ್ನೇ ಇಲ್ವಲ್ಲೇ!”

“ಎರಡು ಬೆರಳಿಟ್ಟು ತಟ್ಟಕ್ಕಾ.”

“ಎರಡು ಬೆರಳಿಟ್ಟು ಚಿವುಟು, ಮಾತು ಕೇಳುತ್ತೆ,” ಎಂದಳು ಅಜ್ಜಿ.

ಅಮ್ಮ ನಕ್ಕಳು. ಹಳೆಯ ಕಂಪ್ಯೂಟರು ಅಕ್ಷರ ಹೊಲಿಸಲಿಕ್ಕಷ್ಟೇ ಲಾಯಕ್ಕಾಗಿತ್ತು. ಆ ಸಾಫ್ಟ್‌ವೇರ್‌ನಲ್ಲಿ ಚಿತ್ರ ಬಿಡಿಸುವ ದೊಡ್ಡ ಭಾಗ ಇನ್ನೊಂದಿತ್ತು. ಅದು ಇದರಲ್ಲಿ ನಡೆಯುತ್ತದೆಂದು ಚಿಕ್ಕಮ್ಮ ಹೇಳಿದ್ದಳು. ಅಮ್ಮ ಬಿಡುವು ಸಿಕ್ಕಾಗಲೆಲ್ಲ ನೂಲಿನ ಡಬ್ಬಗಳ ಮೇಲೆ ಪೆನ್ಸಿಲ್ಲಿನಲ್ಲಿ ಗೀಚುತ್ತಿದ್ದಳು. ಬಾಯಿ ತೆರೆದು ಗೊರಕೆ ಹೊಡೆಯುವ ಅಜ್ಜಿ. ಬಾಗಿಲೊಳಗೆ ಹೊಟ್ಟೆ ಮೊದಲು ಬಂದು ಆಮೇಲೆ ತಾನು ಬರುವ ಸಮವಸ್ತ್ರದ ಅಂಗಡಿಯವನು. ಅವನ್ನೆಲ್ಲ ಬಟ್ಟೆಯ ಮೇಲೆ ಹೊಲಿದು ನೋಡಬೇಕೆಂದು ಅವಳಿಗೆ ಬಹಳ ಆಸೆ.

ಎರಡು ದಿನ ಬಿಟ್ಟು, ಪಿಟೀಲು ಶಾಲೆಯಿಂದ ಬಂದಾಗ ಅಮ್ಮ ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ಕೂತಿದ್ದಳು. ಫೋನು ಸ್ಪೀಕರಿನಲ್ಲಿತ್ತು.

“ಜಾಗ ಸಾಲಲ್ಲ ಅಂತ ಬರ್ತಿದೆ ಕಣೇ.”

“ಅರ್ಧ ಮನೆ ಕೊಟ್ಟಿದ್ದೀನಕ್ಕಾ, ಹೇಗೆ ಸಾಲಲ್ಲ?” ಎಂದಿತು ಚಿಕ್ಕಮ್ಮನ ದನಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಪಿಟೀಲು ಬ್ಯಾಗು ತಡಕಾಡಿದಳು.

“ನಾನೇ ಏನೋ ಎಡವಟ್ಟಾಗಿ ಒತ್ತಿರ್ಬೇಕು. ನಂಗೆ ಇದೆಲ್ಲ ಎಲ್ಲಿ ತಿಳಿಯುತ್ತೆ? ಬಿಡು, ಅಕ್ಷರದ ಭಾಗ ಮಾತ್ರ ಹಾಕ್ಕೊಳ್ತೀನಿ. ಊರೋರ ಮಕ್ಕಳ ಹೆಸರು ಹೊಲಿಯೋಕೆ ಅಷ್ಟು ಸಾಕು.”

ಅಮ್ಮ ಎದ್ದು ಮೆಷಿನ್ನಿನ ಕಡೆ ಹೋದಳು. ‘ಸಾಕು’ ಎನ್ನುವ ಮಾತು ಮಾತ್ರ ಅಲ್ಲೇ ಉಳಿದು, ಶೂನೊಳಗೆ ಸೇರಿದ ಕಲ್ಲಿನ ಹಾಗೆ ಪಿಟೀಲಿಗೆ ಒತ್ತತೊಡಗಿತು.

ಅವಳು ಮ್ಯಾಕಿನ ಕಡೆಯ ತನ್ನ ಮನೆ ತೆರೆದಳು. ಅಬ್ಬಾ, ಎಷ್ಟು ಜಾಗ! ಬೆಕ್ಕಿನ ವಿಡಿಯೋ ಹಾಕಿದಳು. ಬೆಕ್ಕು ಆಕಳಿಸಿತು. ಇನ್ನೊಂದು ಹಾಕಿದಳು. ಅದರಲ್ಲೂ ಆಕಳಿಸಿತು.

“ಪಿಟೀಲಿನ ತಂತಿ ಕಡೀತೇನೆ? ಸದ್ದೇ ಇಲ್ಲ,” ಎಂದಳು ಅಜ್ಜಿ.

ಪಿಟೀಲು ಎದ್ದು ಮುಂದಿನ ಕೋಣೆಗೆ ಹೋದಳು. “ಅಮ್ಮಾ, ನಿನ್ನ ಪಾಲಿನ ಗೋಡೆ ತಳ್ಳಿದ್ದು ನಾನು.”

ಗಡಗಡ ಸದ್ದು ನಿಂತಿತು.

“ಎಷ್ಟು ತಳ್ಳಿದೆ?”

“ಎಷ್ಟು ಹೋಗುತ್ತೋ ಅಷ್ಟು.”

ಅಜ್ಜಿ ಹೋ ಎಂದು ನಕ್ಕಳು. “ಒಂದು ಗೇಣೂ ಬಿಡದೆ ಒತ್ತುವರಿ ಮಾಡಿದ್ದಾಳೆ! ಇವಳನ್ನ ನಮ್ಮ ಆಸ್ತಿ ಪಾಲಿಗೆ ಕರ್ಕೊಂಡು ಹೋಗಿದ್ರೆ ನಂಗೊಂದು ಬಾವಿಯಾದ್ರೂ ಸಿಗ್ತಿತ್ತು.”

ಅಮ್ಮ ನಗಲಿಲ್ಲ, ಬೈಯಲೂ ಇಲ್ಲ. ಸೂಜಿಯ ಕೆಳಗಿನ ಬಟ್ಟೆಯನ್ನು ಸರಿಮಾಡುತ್ತ ಹೇಳಿದಳು: “ಬೆಳಗ್ಗೆಯಿಂದ ನನ್ನನ್ನ ನಾನೇ ಬೈಕೊಳ್ತಿದ್ದೆ ಕಣೇ. ದಡ್ಡಿ, ನಿನ್ನ ಕೈಲಿ ಏನಾಗುತ್ತೆ, ಸುಮ್ನೆ ಹೆಸರು ಹೊಲ್ಕೊಂಡಿರು ಅಂತ.”

ಎರಡೇಟು ಹಾಕಿದ್ದರೆ ಚೆನ್ನಾಗಿತ್ತು ಎನಿಸಿತು ಪಿಟೀಲಿಗೆ. ಚಿಕ್ಕಮ್ಮನಿಗೆ ಅವಳೇ ಫೋನು ಮಾಡಿದಳು.

“ಗೋಡೆ ಸರಿಸೋಕಾಗಲ್ಲ ಮರಿ,” ಎಂದಳು ಚಿಕ್ಕಮ್ಮ, ಬೈಯುವಷ್ಟು ಬೈದಾದ ಮೇಲೆ. “ವಿಂಡೋಸ್ ಪೂರ್ತಿ ಕೆಡವಿ ಮೊದಲಿಂದ ಕಟ್ಟಬೇಕು. ನಿನ್ನ ಕಡೇನೂ ಜಾಗ ಖಾಲಿ ಇರ್ಬೇಕು. ಕಸ ಗುಡಿಸಿಡು.”

ಪಿಟೀಲು ಗುಡಿಸಿದಳು. ಸಿನಿಮಾವನ್ನು ಪೆನ್‌ಡ್ರೈವಿಗೆ ಸಾಗಿಸಿದಳು. ಬರೀ ಹೆಬ್ಬೆರಳು ಕಾಣುವ ಫೋಟೋಗಳು, ರಾಣಿ ಉರುಳಿ ಮೇಜಿನ ಕೆಳಗೆ ಹೋದ ಫೋಟೋಗಳು ಡಿಲೀಟ್. ಬೆಕ್ಕಿನ ಒಂದು ಆಕಳಿಕೆ ಮಾತ್ರ ಉಳಿಯಿತು, ನಾಲಿಗೆ ಚೆನ್ನಾಗಿ ಕಾಣುವುದು.

ರಜೆಯ ದಿನ ಚಿಕ್ಕಮ್ಮ ಬಂದಳು. ಹಳೆಯ ವಿಂಡೋಸ್ ಹೋಯಿತು. ಪರದೆಯ ಮೇಲೆ ಮತ್ತೆ ಅದೇ ಪಟ್ಟಿ ಬಂತು, ಚುಕ್ಕಿ ಬಲದ ತುದಿಯಲ್ಲಿತ್ತು.

“ಅಕ್ಕಾ, ನಿನ್ನ ಪಾಲು ನೀನೇ ತಗೋ. ಎಡಕ್ಕೆ ಎಳೆದಷ್ಟೂ ನಿಂದು.”

ಅಮ್ಮ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಚುಕ್ಕಿಯನ್ನು ಎಳೆದಳು. ಎಳೆದದ್ದು ಒಂದಿಷ್ಟೇ. ಪಿಟೀಲು ಬಿಟ್ಟಿದ್ದಕ್ಕಿಂತ ಒಂದು ಉಗುರಿನಷ್ಟು ಹೆಚ್ಚು.

“ಸಾಕಲ್ವಾ?”

ಪಿಟೀಲು ಬೆರಗಾಗಿ ನೋಡಿದಳು. ಈ ಸಲ ಯಾರೂ ಚುಕ್ಕಿಯನ್ನು ತಳ್ಳಿರಲಿಲ್ಲ. ಯಾರೂ ಅಮ್ಮನ ಕೈ ಹಿಡಿದಿರಲಿಲ್ಲ.

“ಇನ್ನೂ ಎಳಿಯಮ್ಮ.”

ಅಮ್ಮ ಎಳ್ಳಷ್ಟು ಎಳೆದಳು.

“ಇನ್ನೂ!”

“ನಿನ್ನ ಸಿನಿಮಾಗೆ ಬೇಡ್ವೇನೆ?”

“ಅದು ಪೆನ್‌ಡ್ರೈವಲ್ಲಿ ಹಾಯಾಗಿದೆ. ಬೆಕ್ಕನ್ನ ಕಿಟಕೀಲೇ ನೋಡ್ಕೊಳ್ತೀನಿ. ಎಳಿ!”

“ಎಳೆಯೇ, ಅದೇನು ಕಚ್ಚುತ್ತಾ?” ಎಂದು ಅಜ್ಜಿಯೂ ಗದರಿದಳು.

ಅಮ್ಮ ಉಸಿರು ಬಿಗಿಹಿಡಿದು ಎಳೆದಳು. ಚುಕ್ಕಿ ಮಧ್ಯಕ್ಕೆ ಬಂತು. ಒಂದು ಕ್ಷಣ ನಿಂತು, ಮಧ್ಯವನ್ನೂ ದಾಟಿತು. ಅಮ್ಮ ಒಮ್ಮೆ ಪಿಟೀಲಿನ ಮುಖ ನೋಡಿ, ತಾನೇ ‘ಇನ್ಸ್ಟಾಲ್’ ಒತ್ತಿದಳು.

ಮಾರನೆಯ ದಿನ ಆಟ ಮುಗಿಸಿ ಬಂದ ಪಿಟೀಲಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು.

“ಅಮ್ಮಾ, ಹಸಿವು!”

ಮುಂದಿನ ಕೋಣೆಯಲ್ಲಿ ಅಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿತ್ತು. ಅವಳ ಎದುರಿಗೆ ಅಜ್ಜಿ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಪರದೆಯ ಮೇಲಿನ ಚಿತ್ರದಲ್ಲಿ ಅಜ್ಜಿಯ ತೆರೆದ ಬಾಯಿ ಬಿಡಿಸಿ ಮುಗಿದಿತ್ತು, ಮೂಗು ಅರ್ಧವಾಗಿತ್ತು.

ಪಿಟೀಲು ಇನ್ನೊಮ್ಮೆ ಕೂಗಲು ಬಾಯಿ ತೆರೆದಳು.

ಆಮೇಲೆ ಬಾಯಿ ಮುಚ್ಚಿ, ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ, ಬಿಸ್ಕತ್ತಿನ ಡಬ್ಬದ ಮುಚ್ಚಳವನ್ನು ಸದ್ದಾಗದ ಹಾಗೆ ತೆಗೆದಳು.