ಕೊಂಬಿಗೆ ಸಿಕ್ಕ ಚೆಂಡುಹೂ ಮಾಲೆ

ಒಂದಾನೊಂದು ಊರಲ್ಲಿ ಒಬ್ಬ ರಾಜ. ಅವನ ಕಾಡಿನ ಜಿಂಕೆ ಎಣಿಸಿಕೊಡ್ತೀನಿ ಅಂತ ಒಬ್ಬಳು ಹುಡುಗಿ ಮಾತು ಕೊಟ್ಟಳಂತೆ. ಅಜ್ಜಿ ಹೇಳುತ್ತಿದ್ದ ಆ ಹುಡುಗಿ ಈಗ ನಾನೇ. ಊರು ಮಾತ್ರ ಏಳು ಸಮುದ್ರದಾಚೆಯ ರೆಸ್ಟನ್. ರಾಜನ ಜಾಗದಲ್ಲಿ ಕೌಂಟಿ ಆಫೀಸು, ಅಂದರೆ ಇಲ್ಲಿನ ಜಿಲ್ಲಾ ಕಚೇರಿ. ಶುಕ್ರವಾರ ಸಂಜೆ ಐದರೊಳಗೆ ಲೆಕ್ಕ ಕೊಡದಿದ್ದರೆ ಈ ವರ್ಷ ನಮ್ಮ ಕಾಡಿಗೆ ಜಿಂಕೆ ಬೇಟೆಗೆ ಬಿಲ್ಲುಗಾರರು ಬರುವುದಿಲ್ಲ. ಜಿಂಕೆ ಕಮ್ಮಿಯಾಗುವುದಿಲ್ಲ. ಹೋದ ತಿಂಗಳಷ್ಟೇ ಕಾರಿಗೆ ಜಿಂಕೆ ಬಡಿದು ನನ್ನಣ್ಣ ಪ್ರತಾಪನ ಭುಜ ಮುರಿದಿತ್ತು.

ಶುಕ್ರವಾರ ಮಧ್ಯಾಹ್ನ ಕಾಡಿಗೆ ಹೋದೆ. ಜಿಂಕೆ ಲೆಕ್ಕಕ್ಕೆ ಅಂತ ಓಕ್ ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಪೆಟ್ಟಿಗೆಯ ಬೀಗ ಹಾಗೇ ಇತ್ತು. ಒಳಗೆ ಮೆಮೊರಿ ಕಾರ್ಡ್ ಇರಲಿಲ್ಲ.

*

"ಚಿರಾಗ್‌ದೇ ಕೆಲಸ," ಅಂದ ಪ್ರತಾಪ್, ಫೋನಿನಲ್ಲಿ. "ಜಿಂಕೆ ಮುಟ್ಟಿದ್ರೆ ನೋಡ್ಕೋತೀನಿ ಅಂತ ನಮ್ಮ ಕಾಲೊನಿ ಮೀಟಿಂಗಲ್ಲಿ ಎಷ್ಟು ಕೂಗಾಡಿದ!"

ಚಿರಾಗ್‌ಗೆ ಕಾಲ್ ಮಾಡಿದೆ.

"ಭಾನುವಾರದಿಂದ ದೂರದ ಕಮ್ಮಿಂಗ್ ಊರಲ್ಲಿ ಅಕ್ಕನ ಮನೇಲಿದ್ದೀನಿ, ಶ್ರೀಲತಾ. ಕದ್ದಿದ್ರೆ ಹೆಮ್ಮೆಯಿಂದ ಹೇಳ್ತಿದ್ದೆ."

ನಾನು ಕಾರ್ಡ್ ಹಾಕಿದ್ದೇ ಬುಧವಾರ. ಅವನಲ್ಲ.

ಮರದ ಬುಡ ನೋಡಿದೆ. ಒಣಗಿದೆಲೆಗಳ ನಡುವೆ ಅರಿಶಿನದ ಅಕ್ಷತೆ. ಹಸಿರು ಹೊಲಿಗೆ ದಾರದಲ್ಲಿ ಕಟ್ಟಿದ ತುಂಡು ಚೆಂಡುಹೂ. ಸುತ್ತ ಬರೀ ಗೊರಸಿನ ಗುರುತು.

ಬೀಗದ ಕೈ ಎರಡೇ. ಒಂದು ನನ್ನದು. ಇನ್ನೊಂದು ಪಕ್ಕದ ಮನೆ ರಘುನಾಥ ಅಂಕಲ್‌ದು. ಹಟ ಹಿಡಿದು ಕ್ಯಾಮೆರಾ ಹಾಕಿಸಿದ್ದೇ ಆ ರಿಟೈರ್ಡ್ ಡಾಕ್ಟರು!

*

ಅವರ ಮನೆಯಲ್ಲಿ ಅವರ ಹೆಂಡತಿ ಸುಶೀಲಾ ಆಂಟಿ ಹೂ ಕಟ್ಟುತ್ತಿದ್ದರು. ಹಸಿರು ದಾರ.

"ಆಂಟಿ, ಪೂಜೆ ಹೂ ಮಾರನೇ ದಿನ ಎಲ್ಲಿ ಹಾಕ್ತೀರಿ?"

"ನಿರ್ಮಾಲ್ಯಾನ ಟ್ರ್ಯಾಶ್‌ಗೆ ಹಾಕಕ್ಕಾಗತ್ತೇನೆ? ಯಾರೂ ತುಳೀಬಾರದು. ಕಾಡಲ್ಲಿ ಮರದ ಬುಡಕ್ಕೆ ಹಾಕ್ತೀನಿ. ಜೊತೆಗೆ ನಾಲ್ಕು ಸೇಬು, ನೆನೆಸಿದ ಕಡಲೆ. ಪಾಪ, ಕಾಯ್ಕೊಂಡು ನಿಂತಿರ್ತವೆ ಕಣೆ."

ಅಂಕಲ್ ಕಾಫಿ ಲೋಟ ಕೆಳಗಿಟ್ಟರು.

"ಬೀಗ ಒಡೆದಿಲ್ಲ ಅಂಕಲ್. ಕೀ ಇದ್ದೋರೇ ತೆಗೆದಿದ್ದಾರೆ. ಜಿಂಕೆಗೆ ತಿನ್ನಿಸಬಾರದು ಅಂತ ರೂಲ್ ಇದೆ. ಫೋಟೋದಲ್ಲಿ ಆಂಟಿ ಸಿಕ್ಕಿಬೀಳ್ತಾರೆ ಅಂತ ಹೆದರಿದ್ರಿ. ಅಲ್ವಾ?"

ಅವರು ವಾರಕ್ಕೆ ಏಳು ಖಾನೆಯ ಮಾತ್ರೆ ಡಬ್ಬಿ ತೆರೆದರು. ಗುರುವಾರದ ಖಾನೆಯಲ್ಲಿ ಕಾರ್ಡ್ ಇತ್ತು.

"ನಿನ್ನೆ ಬೆಳಿಗ್ಗೆ ಇವಳು ಕಾಡಿನಿಂದ ಖಾಲಿ ತಟ್ಟೆ ಹಿಡ್ಕೊಂಡು ಬರೋದು ನೋಡ್ದೆ. ಜನ್ಮದಲ್ಲಿ ಮೊದಲ ಕಳ್ಳತನ ಕಣಮ್ಮ."

"ಅದನ್ನೂ ನೆಟ್ಟಗೆ ಮಾಡಕ್ಕೆ ಬರಲಿಲ್ಲ," ಆಂಟಿ ಗದರಿದರು.

*

ಲ್ಯಾಪ್‌ಟಾಪ್ ತೆರೆದೆ. ಕಾರ್ಡ್ ಹಾಕಿದೆ.

ಮುಂಜಾವಿನ ಮಂಜು. ಅದರೊಳಗೆ ಸಾಲುಸಾಲು ಹಣತೆಯ ಹಾಗೆ ಕಣ್ಣುಗಳು. ನಡುವೆ ದೊಡ್ಡದೊಂದು ಗಂಡು ಜಿಂಕೆ. ಕೊಂಬಿಗೆ ಆಂಟಿಯ ಚೆಂಡುಹೂ ಮಾಲೆ ಸಿಕ್ಕಿಕೊಂಡಿತ್ತು. ಈಗಷ್ಟೇ ಪೂಜೆ ಮಾಡಿಸಿಕೊಂಡು ಎದ್ದು ಬಂದಂತೆ ನಿಂತಿತ್ತು. ಆಂಟಿ ಕೈಮುಗಿದರು.

ಆದರೆ ಜಿಂಕೆಗಳ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಹಿಂದೆ ಕಾಡಿನಲ್ಲಿ ಒಂದು ಚಿಗುರೂ ಉಳಿದಿರಲಿಲ್ಲ. ಕೊನೆಯ ಫೋಟೋದಲ್ಲಿ ಹಿಂಡು ರಸ್ತೆಯ ಕಡೆ ಹೊರಟಿತ್ತು. ಪ್ರತಾಪನ ಕಾರಿಗೆ ಜಿಂಕೆ ಬಡಿದ ಅದೇ ತಿರುವು.

"ನಾನೇ ರಸ್ತೆಗೆ ಕರೆಸಿದ ಹಾಗಾಯ್ತಲ್ಲೇ," ಅಂದರು ಆಂಟಿ. ಆಮೇಲೆ ನನ್ನ ಕಡೆ ತಿರುಗಿ, "ಈ ಲೆಕ್ಕ ಕೊಟ್ರೆ ಬಾಣ ಬಿಡೋರು ಬರ್ತಾರಾ?"

"ಬರ್ತಾರೆ ಆಂಟಿ."

ಅವರು ಕನ್ನಡಕ ಏರಿಸಿಕೊಂಡರು. ಪರದೆಯ ಮೇಲೆ ಬೆರಳಿಟ್ಟರು.

"ಒಂದು. ಎರಡು..."

ಐದಕ್ಕೆ ಹತ್ತು ನಿಮಿಷ ಇರುವಾಗ ಫಾರಂ ಕಳಿಸಿದೆ. ಜಿಂಕೆಗಳು: ಇಪ್ಪತ್ತಾರು. ತಿನಿಸು ಇಟ್ಟವರು ಯಾರು ಅನ್ನುವ ಕಡೆ, ಆಂಟಿ ತಾವೇ ತಮ್ಮ ಹೆಸರು ಟೈಪ್ ಮಾಡಿದ್ದರು.